ಗುಂಡಿಯ ಸೊಂಟದ ಅಳತೆ

ಹದಿನೈದು ದಿನದ ಹಿಂದೆ ದಂಡಿಗನಹಳ್ಳಿ ಕಡೆಯ ಹೆಂಗಸೊಬ್ಬರು ನನ್ನ ಅಂಗಡಿಗೆ ಬಂದು, ಹೊಲಿಗೆ ಮಿಷನ್ನಿನ ಮೇಲೆ ಗೇಣುದ್ದದ ಸಣಬಿನ ದಾರ ಇಟ್ಟರು. ದಾರದ ನಡುವೆ ಅಳತೆಯ ಗುರುತಿಗೆ ಒಂದು ಗಂಟು.

"ಇಷ್ಟಳತೆಗೆ ಒಂದು ಬೆಲ್ಟ್ ಒಲ್ಕೊಡಿ ಅಣ್ಣ. ನಮ್ಮಣ್ಣ ಕೋತಿಮರಿ ಸಾಕವ್ನೆ. ನಿಮ್ ಕೋತಿಗೆ ನೀವೇ ಒಲ್ದಿದ್ರಂತಲ್ಲ, ಬಲು ಗಟ್ಟಿಯಾಗಿತ್ತಂತೆ."

ಹೊಗಳಿಕೆ ಕೇಳಿ ಬೆವರುವವರನ್ನು ನೀವು ನೋಡಿದ್ದೀರೋ ಇಲ್ಲವೋ, ನಾನು ಬೆವರಿದೆ. "ಚರ್ಮದ ಪಟ್ಟಿ ಮುಗ್ದೋಗೈತೆ ಕಣಮ್ಮ. ಭಾನುವಾರ ನಾನೇ ನಿಮ್ಮೂರಿಗೆ ಬತ್ತೀನಿ" ಎಂದು ಹೇಳಿ ಕಳಿಸಿದೆ. ಅವರು ಹೋದ ಮೇಲೆ ಅಂಗಿಯೊಂದಕ್ಕೆ ಕಾಲರನ್ನು ತಲೆಕೆಳಗಾಗಿ ಹೊಲಿದುಬಿಟ್ಟೆ.

ನಾನು ಹುಟ್ಟು ಅಂಜುಬುರುಕ. ಚನ್ನರಾಯಪಟ್ಟಣದಲ್ಲಿ ಇಷ್ಟು ವರ್ಷ ಅಂಗಡಿ ಇಟ್ಟವನು, ಇವತ್ತಿಗೂ ಬೀಗ ಹಾಕಿ ಅರ್ಧ ದಾರಿ ಬಂದು, ಹಾಕಿದೆನೋ ಇಲ್ಲವೋ ಎಂದು ತಿರುಗಿ ಹೋಗಿ ಎಳೆದು ನೋಡುತ್ತೇನೆ. ಇಂಥವನು ಕೋತಿ ಸಾಕಿದ್ದು ಹೇಗೆ ಎಂದು ಕೇಳುತ್ತೀರಿ. ಸಾಕಬೇಕೆಂದು ಸಾಕಿದ್ದಲ್ಲ. ನುಗ್ಗೇಹಳ್ಳಿ ರಸ್ತೆಯಲ್ಲಿ ಕರೆಂಟಿನ ತಂತಿ ತಗುಲಿ ಸತ್ತ ತಾಯಿಯ ಹೊಟ್ಟೆಗೆ ಅಂಟಿಕೊಂಡಿದ್ದ ಮರಿಯನ್ನು ಗಿರಾಕಿಯೊಬ್ಬರು ಬಟ್ಟೆ ಚೀಲದಲ್ಲಿ ತಂದು, "ಸಂಜೆಗಂಟ ಇಟ್ಕಂಡಿರಿ" ಎಂದು ಹೋದರು. ಆ ಸಂಜೆ ಬರಲು ಒಂಬತ್ತು ವರ್ಷ ಹಿಡಿಯಿತು.

ನನ್ನ ಹೆಂಡತಿ ಜಯಮ್ಮ ಹತ್ತಿಯ ಬತ್ತಿ ಅದ್ದಿ ಅದಕ್ಕೆ ಹಾಲು ಕುಡಿಸಿದಳು. ಸ್ವಲ್ಪ ಬಲಿತ ಮೇಲೆ ಅದು ಡಬ್ಬಿಯಿಂದ ಅಂಗಿ ಗುಂಡಿಗಳನ್ನು ಕದ್ದು ಕೆನ್ನೆಯ ಚೀಲದಲ್ಲಿ ತುಂಬಿಕೊಳ್ಳುತ್ತಿತ್ತು. ಹಾಗಾಗಿ ಗುಂಡಿ ಅಂತಲೇ ಹೆಸರಾಯಿತು. ರಸ್ತೆಗೆ ಓಡಿ ಬಸ್ಸಿನಡಿ ಸಿಕ್ಕೀತೆಂದು ನನಗೆ ದಿನವೂ ಹೆದರಿಕೆ. ಹಳೆಯ ಬ್ಯಾಗಿನ ಚರ್ಮ ಕತ್ತರಿಸಿ ಬೆಲ್ಟ್ ಮಾಡಿದೆ. ಬಕಲ್ ಇಟ್ಟರೆ ಕೋತಿ ಬಿಚ್ಚಿಕೊಳ್ಳುತ್ತದೆ ಎಂದು, ಸೊಂಟಕ್ಕೆ ಸುತ್ತಿ ಅಲ್ಲೇ ಎರಡು ಸಾಲು ಹೊಲಿಗೆ ಹಾಕಿಬಿಟ್ಟೆ. ಅದಕ್ಕೊಂದು ಸರಪಳಿ. ಆ ಹೊಲಿಗೆಯ ಬಗ್ಗೆ ನನಗೆ ಜಂಬವಿತ್ತು, ಬಂದವರಿಗೆಲ್ಲ ತೋರಿಸುತ್ತಿದ್ದೆ.

ಬೆಳೆದ ಹಾಗೆ ಎರಡು ಸಲ ಬಿಚ್ಚಿ ದೊಡ್ಡದು ಹಾಕಿದೆ. ಮೂರನೆಯದನ್ನು ಹಾಕಿದಾಗ, ಇನ್ನು ಬೆಳೆಯುವುದು ಮುಗಿಯಿತು ಅಂದುಕೊಂಡೆ. ಶಾಲೆ ಮಕ್ಕಳ ಲಂಗಕ್ಕೆ ಎರಡು ಬೆರಳು ಸಡಿಲ ಬಿಟ್ಟು ಹೊಲಿಯುವವನು, ಬನ್ನು ತಿಂದು ಕೂತಲ್ಲೇ ದಪ್ಪಗಾಗುತ್ತಿದ್ದ ಕೋತಿಯ ಸೊಂಟಕ್ಕೆ ಒಂದು ದಿನ ಬೆರಳಿಟ್ಟು ನೋಡಲಿಲ್ಲ. ಕೂದಲು ಮುಚ್ಚಿಕೊಂಡು ಬೆಲ್ಟು ಕಾಣದೇ ಹೋಯಿತು.

ಕೊನೆಯ ವರ್ಷ ಗುಂಡಿಗೆ ಸಿಟ್ಟು ಹೆಚ್ಚಾಯಿತು. ಮುಟ್ಟಲು ಹೋದರೆ ಹಲ್ಲು ಕಿರಿಯುವುದು. ಒಂದು ಬೆಳಿಗ್ಗೆ ಜಯಮ್ಮನ ಮುಂಗೈ ಸೀಳುವಂತೆ ಕಚ್ಚಿತು. "ಸುಮ್ಕೆ ಕುಂತಿದ್ದೆ, ಕಚ್ಬುಡ್ತು" ಎಂದಳು. ಸುದ್ದಿ ಹರಡಿ ಅರಣ್ಯ ಇಲಾಖೆಯವರು ಬಂದರು. ಕೋತಿ ಸಾಕುವುದೇ ಅಪರಾಧವಂತೆ. ನಿಜ ಹೇಳಬೇಕೆಂದರೆ, ಆಗ ನನಗೆ ಮೊದಲು ಹತ್ತಿದ ಚಿಂತೆ ಗುಂಡಿಯದಲ್ಲ, ಜೈಲಿನದು. ಅವರು ನನ್ನ ಮುಖ ನೋಡಿ ಕನಿಕರಪಟ್ಟರೋ ಏನೋ, ಎಚ್ಚರಿಕೆ ಕೊಟ್ಟು ಬಿಟ್ಟರು. ಅರಕಲಗೂಡು ದಾಟಿ ಮಲ್ಲಿಪಟ್ಟಣದ ಹತ್ತಿರ, ಸಾಕಿ ಬಿಟ್ಟ ಕೋತಿಗಳಿಗೆಂದೇ ಒಂದು ಆಶ್ರಯಧಾಮ ಇದೆ, ಅಲ್ಲಿಗೆ ಸೇರಿಸುತ್ತೇವೆ ಎಂದರು. ಗುಂಡಿ ನನ್ನ ಕೈಯಿಂದಲ್ಲದೆ ಬೋನಿಗೆ ಹೋಗಲೊಲ್ಲದು. ಹಾಗಾಗಿ ನಾನೂ ಜೀಪು ಹತ್ತಿದೆ.

ಮೊದಲು ಹಾಸನದಲ್ಲಿ ಪಶುವೈದ್ಯರಿಗೆ ತೋರಿಸಿದರು. ಆಶ್ರಯಧಾಮದಲ್ಲಿ ಕೋತಿಗಳನ್ನು ನೋಡಿಕೊಳ್ಳುವ ರತ್ನಮ್ಮ ಅಲ್ಲಿಗೇ ಬಂದಿದ್ದರು. ಡಾಕ್ಟರು ಪ್ರಜ್ಞೆ ತಪ್ಪಿಸುವ ಇಂಜೆಕ್ಷನ್ ಕೊಟ್ಟು, ಸೊಂಟದ ಕೂದಲು ಕತ್ತರಿಸುತ್ತ ಹೋದವರು ತಟ್ಟನೆ ಕೈ ನಿಲ್ಲಿಸಿದರು. ಬೆಲ್ಟು ಮೈಯೊಳಗೆ ಹೂತುಹೋಗಿತ್ತು. ಅದರ ಮೇಲೆ ಮಾಂಸ ಬೆಳೆದು, ಅಂಚಿನಲ್ಲಿ ಕೀವು ಕಟ್ಟಿತ್ತು.

"ಯಾರ್ರೀ ಕಟ್ಟಿದ್ದು ಇದನ್ನ?"

"ಗೊತ್ತಿಲ್ಲ ಸಾ. ನಮ್ ಕೈಗೆ ಬಂದಾಗ್ಲೇ ಇತ್ತು."

ಎಷ್ಟು ಸಲೀಸಾಗಿ ಬಂತು ಆ ಮಾತು! ಡಾಕ್ಟರು ಬೆಲ್ಟನ್ನು ತುಂಡು ತುಂಡಾಗಿ ಬಿಡಿಸಿ ತಟ್ಟೆಗೆ ಹಾಕಿದರು. ರತ್ನಮ್ಮ ಒಂದು ತುಂಡನ್ನು ಎತ್ತಿ ನೋಡಿ, "ಒಲಿಗೆ ಮಾತ್ರ ಒಂದೂ ಬಿಟ್ಟಿಲ್ಲ ನೋಡಣ್ಣ, ಯಾವ್ ಪುಣ್ಯಾತ್ಮ ಒಲ್ದವ್ನೋ" ಎಂದರು. ನಾನು ಗೋಡೆಯ ಮೇಲಿದ್ದ ದನಗಳ ಲಸಿಕೆಯ ಪಟವನ್ನು ಓದುತ್ತ ನಿಂತೆ.

ಗುಂಡಿಯನ್ನು ಬಿಟ್ಟು ಹೊರಡುವಾಗ ರತ್ನಮ್ಮ ಕಟ್ಟುನಿಟ್ಟಾಗಿ ಹೇಳಿದರು: "ನಾನು ಏಳೋಗಂಟ ನೀವು ಬರಂಗಿಲ್ಲ ಅಣ್ಣ. ನಿಮ್ ಮಕ ಕಾಣ್ತಿದ್ರೆ ಅದು ಕೋತಿ ಆಗಕಿಲ್ಲ, ನಿಮ್ ಮಗ್ಳಾಗೇ ಉಳ್ಕತದೆ."

ಅಲ್ಲಿಂದ ಶುರುವಾಯಿತು ನನ್ನ ಫೋನು. ದಿನಾ ಮಧ್ಯಾಹ್ನ ಅಂಗಡಿಯ ಹಿಂದಿನ ಓಣಿಗೆ ಹೋಗಿ, ಊಟ ತಂದ ಜಯಮ್ಮನಿಗೆ ಕೇಳಿಸದ ಹಾಗೆ ರತ್ನಮ್ಮನನ್ನು ವಿಚಾರಿಸುತ್ತಿದ್ದೆ. ಮೊದಲ ವಾರ ಗುಂಡಿ ಏನೂ ತಿನ್ನಲಿಲ್ಲ. ಬೇರೆ ಕೋತಿಗಳಿಗೆ ಬೆನ್ನು ಹಾಕಿ, ಮನುಷ್ಯರು ಬರುವ ಬಾಗಿಲ ಕಡೆ ಮುಖ ಮಾಡಿ ಕೂತಿರುತ್ತಿತ್ತಂತೆ. "ಮರ ಅತ್ತಕೇ ಬರಾಕಿಲ್ಲ ಅಣ್ಣ ಅದುಕ್ಕೆ. ಕೊಂಬೆ ಅಲ್ಲಾಡುದ್ರೆ ಕಿರುಚ್ತದೆ." ಗಾಯ ಒಣಗಿತೆ ಎಂದರೆ, ಒಂದು ಕಡೆ ಒಣಗಿದೆ, ಇನ್ನೊಂದು ಕಡೆ ಕಿತ್ತುಕೊಂಡಿದೆ. ಫೋನು ಎತ್ತದಿದ್ದ ದಿನ ಸತ್ತೇ ಹೋಯಿತು ಎಂದು ಲೆಕ್ಕ ಹಾಕಿ, ಒಬ್ಬರ ಮದುವೆಯ ಬ್ಲೌಸ್ ಪೀಸನ್ನು ಅಡ್ಡಾದಿಡ್ಡಿ ಕತ್ತರಿಸಿ ಹಾಳು ಮಾಡಿದೆ. ಒಳಗೆ ಬಂದು ಜಯಮ್ಮನಿಗೆ ಮಾತ್ರ, "ಗುಂಡಿ ಚೆನ್ನಾಗೈತಂತೆ" ಎನ್ನುತ್ತಿದ್ದೆ. ಅವಳು "ಊಂ" ಎಂದು ಬುತ್ತಿ ಬಿಚ್ಚುತ್ತಿದ್ದಳು. ಇವಳಿಗೆ ಕಚ್ಚಿದ ಸಿಟ್ಟು ಇನ್ನೂ ಹೋಗಿಲ್ಲ ಎಂದುಕೊಂಡೆ.

ಐದು ತಿಂಗಳಾದ ಮೇಲೆ ರತ್ನಮ್ಮ ತಾವೇ ಕರೆದರು. "ಬಂದು ಮರೇಲಿ ನಿಂತು ನೋಡ್ಕಂಡೋಗಿ." ಹೊಳೆನರಸೀಪುರದಲ್ಲಿ ಬಸ್ಸು ಬದಲಾಯಿಸಿ, ಅರಕಲಗೂಡಿನಲ್ಲಿ ಇನ್ನೊಮ್ಮೆ ಬದಲಾಯಿಸಿ ಹೋದೆ. ದಾರಿಯುದ್ದಕ್ಕೂ ಎರಡೇ ಭಯ. ನನ್ನನ್ನು ಕಂಡು ಓಡಿ ಬಂದುಬಿಟ್ಟರೆ ಏನು ಗತಿ? ಗುರುತೇ ಹಿಡಿಯದಿದ್ದರೆ?

ಹಸಿರು ಬಲೆಯ ಪರದೆಯ ಹಿಂದೆ ನಿಲ್ಲಿಸಿದರು. ಆಚೆ ಒಂದು ತಗ್ಗಿನ ಕೊಂಬೆಯ ಮೇಲೆ ಗುಂಡಿ ಕೂತಿತ್ತು. ಕೊಂಬೆಯ ಮೇಲೆ! ಸೊಂಟದ ಸುತ್ತ ಕೂದಲಿಲ್ಲದ ನುಣುಪಾದ ಪಟ್ಟಿ. ಕೋತಿ ಆಡಿಸುವವರ ಬಳಿಯಿದ್ದು ಕಣ್ಣು ಕಳೆದುಕೊಂಡ ಮುದಿ ಹೆಣ್ಣೊಂದರ ತಲೆಯನ್ನು ಅದು ಬಿಡಿಸಿ ಬಿಡಿಸಿ ಹೇನು ಹುಡುಕುತ್ತಿತ್ತು. ನಾನು ಕೆಮ್ಮಬಾರದಿತ್ತು, ಕೆಮ್ಮಿದೆ. ಗುಂಡಿ ತಿರುಗಿ ನೇರ ನನ್ನ ಕಡೆಯೇ ನೋಡಿತು. ಎಷ್ಟು ಹೊತ್ತು ಎಂದು ಹೇಳಲಾರೆ. ಆಮೇಲೆ ಮುಖ ತಿರುಗಿಸಿ, ಮುದುಕಿಯ ತಲೆಯನ್ನು ಮತ್ತೆ ತೊಡೆಗೆ ಎಳೆದುಕೊಂಡಿತು.

"ಗುರ್ತು ಸಿಕ್ತು ಕಣಣ್ಣ," ರತ್ನಮ್ಮ ಪಿಸುಗುಟ್ಟಿದರು. "ಸಿಕ್ಕಿದ್ಕೇ ತಿರಿಗ್ಕಂಡ್ತು."

ಬೆಲ್ಟಿನ ವಿಷಯ ಅವತ್ತು ಹೇಳಿಬಿಡಬೇಕೆಂದು ಹೋಗಿದ್ದೆ. ನೀರು ಕುಡಿದು ಬಸ್ಸು ಹತ್ತಿದೆ.

ದಂಡಿಗನಹಳ್ಳಿಗೆ ಹೊರಟ ಭಾನುವಾರ, ಕಾರಣ ಕೇಳದೆ ಜಯಮ್ಮನೂ ಚಪ್ಪಲಿ ಮೆಟ್ಟಿದಳು. ಆ ಹೆಂಗಸಿನ ಅಣ್ಣ ಶಿವಣ್ಣ ಒಳ್ಳೆಯ ಮನುಷ್ಯ. ಕೂರಿಸಿ ಕಾಫಿ ಕೊಟ್ಟ. ಕೊಟ್ಟಿಗೆಯ ಕಂಬಕ್ಕೆ ಕಟ್ಟಿದ್ದ ಮರಿ ಅವನ ಹಳೆಯ ಟವೆಲನ್ನು ತಬ್ಬಿಕೊಂಡಿತ್ತು. ನಾನು ಕಾನೂನು ಹೇಳಿದೆ, ಕೋತಿಯಿಂದ ಬರುವ ಕಾಯಿಲೆ ಹೇಳಿದೆ, ರತ್ನಮ್ಮನ ಆಶ್ರಯಧಾಮದ ವಿಷಯ ಹೇಳಿದೆ.

"ಬಿಟ್ರೆ ನಾಯಿ ಇಡೀತವೆ ಸಾ," ಅಂದ. "ನಾನೇನ್ ಇಂಸೆ ಮಾಡ್ತಿಲ್ಲ, ಪ್ರೀತಿಯಿಂದ್ಲೇ ಕಟ್ಟಿರದು."

"ನಾನೂ ಪ್ರೀತಿಯಿಂದ್ಲೇ ಕಟ್ಟಿದ್ದು ಕಣಪ್ಪ," ಅಂದೆ. ಆಮೇಲೆ ಬಾಯಿ ನಿಲ್ಲಲಿಲ್ಲ. "ನಾನೇ ಒಲ್ದಿದ್ದು. ಬೆಲ್ಟು ಮಾಂಸದೊಳಕ್ಕೆ ಇಳ್ದಿತ್ತು. ನಾನಲ್ಲ ಅಂತ ಡಾಕ್ಟರಿಗೆ ಸುಳ್ಳೇಳ್ದೆ. ಇವ್ಳಿಗೂ ಏಳ್ಳಿಲ್ಲ."

ಜಯಮ್ಮನ ಮುಖ ನೋಡಲು ಧೈರ್ಯವಾಗಲಿಲ್ಲ. ಅವಳು ಬಳೆ ಮೇಲೆ ಸರಿಸಿ ಮುಂಗೈ ಚಾಚಿದಳು.

"ಇದು ಸುಮ್ಕೆ ಕಚ್ಚಿದ್ದಲ್ಲ ಶಿವಣ್ಣ. ಬೆಲ್ಟು ಬಿಗಿಯಾಗೈತಾ ಅಂತ ನಾನೇ ಬೆರಳು ತೂರ್ಸಕ್ಕೋದೆ. ನೋವಾಗಿ ಕಚ್ತು. ಇವ್ರ ಒಲಿಗೆ ಸರಿಯಿಲ್ಲ ಅನ್ನಕ್ಕೆ ಬಾಯ್ ಬರ್ನಿಲ್ಲ ನಂಗೆ. ಅದ್ರ ಮ್ಯಾಲೇ ತಪ್ಪು ಒರಿಸ್ಬುಟ್ಟೆ."

ಶಿವಣ್ಣ ಅವಳ ಕೈಯನ್ನು ನೋಡಿದ, ಮರಿಯನ್ನು ನೋಡಿದ. ಫೋನು ತೆಗೆದು, "ಆ ರತ್ನಮ್ಮೋರ ನಂಬರ್ ಏಳಿ" ಅಂದ. ನಾನು ಕನ್ನಡಕಕ್ಕೆ ಜೇಬು ತಡಕುತ್ತಿದ್ದೆ. ಅಷ್ಟರಲ್ಲಿ ಜಯಮ್ಮ ಹತ್ತು ಅಂಕಿಗಳನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟಳು. ಆ ನಂಬರನ್ನು ನಾನು ಅವಳಿಗೆ ಯಾವತ್ತೂ ಕೊಟ್ಟಿರಲಿಲ್ಲ.

ಮರಿ ಮಂಗಳವಾರ ಮಲ್ಲಿಪಟ್ಟಣಕ್ಕೆ ಹೋಯಿತು. ಇನ್ನೂ ಹಾಲು ಸರಿಯಾಗಿ ಕುಡಿಯುತ್ತಿಲ್ಲವಂತೆ. ನನ್ನ ಚಿಂತೆ ಹಾಗೇ ಇದೆ, ಕಡಿಮೆಯೇನೂ ಆಗಿಲ್ಲ. ಆದರೆ ಈಗ ಓಣಿಗೆ ಹೋಗುವುದಿಲ್ಲ. ಮಧ್ಯಾಹ್ನ ಊಟದ ತಟ್ಟೆ ಮುಂದಿಟ್ಟುಕೊಂಡು, ಫೋನನ್ನು ಸ್ಪೀಕರಿಗೆ ಹಾಕಿ, ರತ್ನಮ್ಮ ಎತ್ತುವ ತನಕ ಇಬ್ಬರೂ ತುತ್ತು ಎತ್ತದೆ ಕಾಯುತ್ತೇವೆ.