ಹಿಂದಿನ ಸಾಲಿನ ಎಡ ಮೂಲೆ

ಗ್ಯಾರೇಜಿನ ಬಾಗಿಲು ಮೇಲೆತ್ತಿದ ಕೂಡಲೇ ಮೂಗಿಗೆ ಬಡಿದದ್ದು ನೀಲಗಿರಿ ಎಣ್ಣೆಯ ವಾಸನೆ. ಇಂಗ್ಲೆಂಡಿನ ಈ ಸ್ಟಾಕ್‌ಪೋರ್ಟಿನ ಗ್ಯಾರೇಜುಗಳಲ್ಲಿ ಸಾಮಾನ್ಯವಾಗಿ ಒದ್ದೆ ರಟ್ಟು, ಹಳೇ ಪೇಂಟು, ಹುಲ್ಲು ಕತ್ತರಿಸುವ ಯಂತ್ರದ ಪೆಟ್ರೋಲು ನಾರುತ್ತವೆ. ಎದುರುಮನೆ ಅಕ್ಕನ ಗ್ಯಾರೇಜು ಮಾತ್ರ, ಅವರು ತೀರಿಹೋಗಿ ಒಂದು ಚಳಿಗಾಲ ಕಳೆದಿದ್ದರೂ, ಅವರ ಮೊಣಕಾಲಿನ ಎಣ್ಣೆಯನ್ನು ಬಿಟ್ಟುಕೊಟ್ಟಿರಲಿಲ್ಲ. ಅಕ್ಕನ ಗಂಡ ಮಂಗಳೂರಿನಲ್ಲಿ ತಂಗಿಯ ಮನೆ ಸೇರಿದ್ದಾರೆ, ಈ ಮನೆ ಮಾರಾಟಕ್ಕಿದೆ. ಸಾಮಾನು ಖಾಲಿ ಮಾಡಲು ಅಕ್ಕನ ಮಗಳು ಲೀಡ್ಸ್‌ನಿಂದ ಬಂದಿದ್ದಳು. ಯಾವುದನ್ನು ಇಡಬೇಕು, ಯಾವುದನ್ನು ಎಸೆಯಬೇಕು ತಿಳಿಯುತ್ತಿಲ್ಲ, ಒಮ್ಮೆ ಬನ್ನಿ ಎಂದು ನನಗೆ ಫೋನ್ ಮಾಡಿದ್ದಳು. ಮೂಲೆಯ ಬಲೆಚೀಲದಲ್ಲಿ ಗಾಳಿ ಸ್ವಲ್ಪ ಇಳಿದ ಒಂದು ಥ್ರೋಬಾಲ್ ಇತ್ತು. ನಾನು ಅದನ್ನು ಕೈಗೆತ್ತಿಕೊಂಡೆ. ಮಗಳು ನೋಡಿಯೂ ನೋಡದವಳಂತೆ ಇನ್ನೊಂದು ಪೆಟ್ಟಿಗೆಯ ಟೇಪು ಕೀಳತೊಡಗಿದಳು...

ನಾವು ಈ ಬೀದಿಗೆ ಬಂದ ವಾರವೇ ಅಕ್ಕ ರಸ್ತೆ ದಾಟಿ ಬಂದಿದ್ದರು. ಯಾವ ಊರು, ಯಾವ ಕಂಪನಿ, ಮಾರ್ಟ್‌ಗೇಜ್ ಎಷ್ಟು ವರ್ಷದ್ದು ಎಂದೆಲ್ಲ ವಿಚಾರಿಸುವುದು ನಮ್ಮವರ ರೂಢಿ. ಅವರು ಒಂದನ್ನೂ ಕೇಳಲಿಲ್ಲ. ಸಂತೆಯಲ್ಲಿ ಎತ್ತು ನೋಡುವವರ ಹಾಗೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಕೈ ಉದ್ದ ಉಂಟಲ್ಲ! ಭಾನುವಾರ ಹಾಲ್‌ಗೆ ಬಾ ಮಾರಾಯ್ತಿ" ಎಂದರು. ನನಗೆ ಸಿಟ್ಟೂ ಬಂತು, ನಗುವೂ ಬಂತು. ಭಾನುವಾರ ಹೋದೆ. ಆಮೇಲೆ ಎಷ್ಟೋ ವರ್ಷ ಹೋಗುತ್ತಲೇ ಇದ್ದೆ.

ಥ್ರೋಬಾಲ್ ಆಡದೆ ಕರ್ನಾಟಕದಲ್ಲಿ ಹೈಸ್ಕೂಲು ದಾಟಿದ ಹೆಣ್ಣುಮಕ್ಕಳು ಕಡಿಮೆ. ಇಂಗ್ಲಿಷರಿಗೆ ಆ ಆಟದ ಹೆಸರೂ ಗೊತ್ತಿಲ್ಲ. ನೆಟ್ಟಿನ ಆಚೆ ಏಳು ಜನ, ಈಚೆ ಏಳು ಜನ. ಬಂದ ಚೆಂಡನ್ನು ಹಿಡಿಯಬೇಕು, ಹಿಡಿದ ಮೂರು ಸೆಕೆಂಡಿನೊಳಗೆ ವಾಪಸ್ ಎಸೆಯಬೇಕು. ಕೈಯಲ್ಲಿಟ್ಟುಕೊಂಡು ನಿಂತರೆ ಪಾಯಿಂಟು ಅವರಿಗೆ. ಅಕ್ಕ ಆಟದ ಹಾಲಿನ ಗೋಡೆ ನಡುಗುವಂತೆ "ಹಿಡಿ, ಬಿಡು! ಹಿಡಿ, ಬಿಡು!" ಎಂದು ಕೂಗುತ್ತಿದ್ದರು. ಬೇಸಿಗೆಯಲ್ಲಿ ಇಂಗ್ಲೆಂಡಿನ ಉತ್ತರದ, ನಡುಭಾಗದ ಊರುಗಳ ಕನ್ನಡದ ಹೆಂಗಸರೆಲ್ಲ ಸೇರಿ ಪಂದ್ಯಾವಳಿ ನಡೆಸುತ್ತಿದ್ದೆವು. ಮನೆಯ ಪೋಸ್ಟ್‌ಕೋಡ್ ಯಾವ ಊರಿನದೋ ಆ ಊರಿನ ಪರವಾಗಿ ಆಡಬೇಕು ಎಂಬುದು ನಿಯಮ. ಜೊತೆಗೆ ಒಂದು ಸಡಿಲಿಕೆಯೂ ಇತ್ತು: ಇಬ್ಬರು ಕ್ಯಾಪ್ಟನ್‌ಗಳು ಒಪ್ಪಿದರೆ ಆ ಬೇಸಿಗೆಯ ಮಟ್ಟಿಗೆ ತಲಾ ಇಬ್ಬರು ಆಟಗಾರ್ತಿಯರನ್ನು ಅದಲು ಬದಲು ಮಾಡಿಕೊಳ್ಳಬಹುದಿತ್ತು. ಈ ಸಡಿಲಿಕೆಯನ್ನು ಅದುವರೆಗೆ ಯಾರೂ ಬಳಸಿರಲಿಲ್ಲ. ಪರವೂರಿನವರನ್ನು ಕರೆತಂದು ಗೆಲ್ಲುವಷ್ಟು ಗಂಭೀರವಾಗಿ ಆಡುತ್ತಿದ್ದವರಾದರೂ ಯಾರು?

ಅಕ್ಕ ಆಡುತ್ತಿದ್ದರು. ಆದರೆ ಅವರ ಗಂಭೀರತೆಯ ದಾರಿ ಬೇರೆ. ಹೈಸ್ಕೂಲಿನ ಹುಡುಗಿಯರನ್ನು ಹುಡುಕಿ ತಂದು, ಅವರ ಅಮ್ಮಂದಿರ ಕೈಕಾಲು ಹಿಡಿದು ಭಾನುವಾರದ ಟ್ಯೂಷನ್ ತಪ್ಪಿಸಿ, ತಂಡದಲ್ಲಿ ನಿಲ್ಲಿಸುತ್ತಿದ್ದರು. ನನ್ನಂಥ ಮೂವತ್ತು ದಾಟಿದವರು ಬೆಂಚಿನ ಮೇಲೆ ಕೂತು ಕಿತ್ತಳೆ ಸುಲಿಯುತ್ತಿದ್ದೆವು. ಹುಡುಗಿಯರು ಚೆನ್ನಾಗಿಯೇ ಆಡಿ ಚೆನ್ನಾಗಿಯೇ ಸೋಲುತ್ತಿದ್ದರು. ಇನ್ನೇನು ಪಳಗಿದರು ಎನ್ನುವಷ್ಟರಲ್ಲಿ ಹದಿನೆಂಟು ತುಂಬಿ ಯೂನಿವರ್ಸಿಟಿಗೆ ಹೊರಟುಬಿಡುತ್ತಿದ್ದರು. ಒಬ್ಬಳು ನಾಟಿಂಗ್‌ಹ್ಯಾಮಿಗೆ, ಇನ್ನೊಬ್ಬಳು ಬರ್ಮಿಂಗ್‌ಹ್ಯಾಮಿಗೆ. ಮರುವರ್ಷ ಆ ಊರಿನ ಅಂಗಿ ತೊಟ್ಟು ಬಂದು ನಮ್ಮನ್ನೇ ಸೋಲಿಸಿ, ಕೊನೆಗೆ "ಹಾಯ್ ಆಂಟಿ" ಎಂದು ತಬ್ಬಿಕೊಳ್ಳುವರು. ನಾನು ರೇಗಿದರೆ ಅಕ್ಕ, "ಎಲ್ಲಿ ಆಡಿದ್ರೂ ಆಡುದು ನಮ್ಮ ಮಕ್ಕಳೇ ಅಲ್ವಾ" ಎನ್ನುತ್ತಿದ್ದರು. ಸಸಿ ನೆಡುವುದು ನಾವು, ನೆರಳು ಅವರಿಗೆ ಎಂದು ನಾನು ಗೊಣಗುತ್ತಿದ್ದೆ.

ಆ ಹುಡುಗಿಯರಲ್ಲೆಲ್ಲ ಅಕ್ಕನ ಮಗಳು ಬೇರೆಯೇ ಜಾತಿ. ಅವಳ ಜಾಗ ಹಿಂದಿನ ಸಾಲಿನ ಎಡ ಮೂಲೆ. ಎದುರಾಳಿಗಳು ಕಣ್ಣಿಡುವುದೇ ಆ ಮೂಲೆಗೆ, ಆದರೆ ಅಲ್ಲಿಗೆ ಬಂದ ಚೆಂಡು ನೆಲ ಮುಟ್ಟಿದ್ದನ್ನು ನಾನು ನೋಡಿದ್ದು ಕಡಿಮೆ. ಮನೆಯಲ್ಲಿ ತಾಯಿ ಮಗಳ ನಡುವೆ ಮಾತು ಅಷ್ಟಕ್ಕಷ್ಟೆ. ತಾಯಿ ಕನ್ನಡದಲ್ಲೋ ತುಳುವಿನಲ್ಲೋ ಕೇಳಿದ್ದಕ್ಕೆ ಮಗಳು ಇಂಗ್ಲಿಷಿನಲ್ಲಿ ಎರಡು ಪದ ಹೇಳಿ ಮೆಟ್ಟಿಲು ಹತ್ತಿಬಿಡುವಳು. ಹಾಲಿನಲ್ಲಿ ಮಾತ್ರ ಅಕ್ಕ "ಹಿಡಿ" ಎನ್ನುವ ಮೊದಲೇ ಅವಳು ಹಿಡಿದಿರುತ್ತಿದ್ದಳು. ಅವರಿಬ್ಬರ ಮಾತುಕತೆ ಇರುವುದೇ ಅಲ್ಲಿ ಎಂದು ನನಗೆ ಆಗಲೇ ಅನ್ನಿಸಿತ್ತು.

ಮಗಳ ಹದಿನೆಂಟನೆಯ ಬೇಸಿಗೆ ಬಂತು. ಸೆಪ್ಟೆಂಬರಿಗೆ ಅವಳು ಲೀಡ್ಸ್‌ಗೆ ಹೊರಡುವುದು ಗೊತ್ತಾಗಿತ್ತು. ಅದೇ ವಸಂತದಲ್ಲಿ ಆಸ್ಪತ್ರೆಯವರು ಅಕ್ಕನಿಗೆ, ಮೊಣಕಾಲು ಬದಲಾಯಿಸಬೇಕು, ಈ ಬೇಸಿಗೆಯೇ ನಿಮ್ಮ ಕೊನೆಯ ಆಟ ಎಂದಿದ್ದರು. ನನ್ನ ಅಡುಗೆಮನೆಯಲ್ಲಿ ಕೂತು ಕಾಲಿಗೆ ನೀಲಗಿರಿ ಎಣ್ಣೆ ತಿಕ್ಕುತ್ತ ಅಕ್ಕ ಒಂದು ಹಳೇ ಸಂಗತಿ ಹೇಳಿದರು. ಉಡುಪಿಯ ಕಾಲೇಜಿನಲ್ಲಿ ಅವರ ತಂಡ ಫೈನಲ್ ತಲುಪಿದ ದಿನವೇ ಅವರನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರಂತೆ. ಅಕ್ಕ ಕಾಫಿ ತಟ್ಟೆ ಹಿಡಿದು ನಿಂತಿದ್ದಾಗ ಅತ್ತ ತಂಡ ಗೆದ್ದು ಬಹುಮಾನದ ಕಪ್ಪು ಎತ್ತಿತ್ತು. "ಕಪ್ಪಿನ ಫೋಟೋದಲ್ಲಿ ನಾನು ಇಲ್ಲ ಮಾರಾಯ್ತಿ" ಎಂದು ನಕ್ಕರು. ಆ ನಗು ನನಗೆ ಇಷ್ಟವಾಗಲಿಲ್ಲ.

ನಮ್ಮ ಯಜಮಾನರು ಅಲ್ಲೇ ಲ್ಯಾಪ್‌ಟಾಪ್ ಬಿಚ್ಚಿಕೊಂಡು ಕೂತಿದ್ದರು. ಮದುವೆಗೆ ಮೊದಲು ಮೂರು ವರ್ಷ ಪ್ರಾಜೆಕ್ಟಿನ ಮೇಲೆ ಅಮೆರಿಕದಲ್ಲಿದ್ದು ಬೇಸ್‌ಬಾಲ್ ಹುಚ್ಚು ಹತ್ತಿಸಿಕೊಂಡು ಬಂದ ಮಹಾಶಯ. ಕೇಳದಿದ್ದರೂ ಹೇಳುವುದು ಅವರ ಸ್ವಭಾವ. ಅಲ್ಲಿನ ತಂಡಗಳು ಕಪ್ಪು ಕೈಗೆಟುಕುವ ವರ್ಷದಲ್ಲಿ ಇನ್ನೂ ಬೆಳೆಯುತ್ತಿರುವ ಹುಡುಗರನ್ನು ಬೇರೆ ತಂಡಕ್ಕೆ ಕೊಟ್ಟು, ಬೆಳೆದು ನಿಂತ ಆಟಗಾರರನ್ನು ತರುತ್ತಾರಂತೆ. "ನಾಳೆದನ್ನ ಕೊಟ್ಟು ಇವತ್ತಿಂದು ತಗೊಳ್ಳೋದು. ಹೇಗೂ ಕೈಬಿಟ್ಟು ಹೋಗೋ ಹುಡುಗ್ರನ್ನ ಇಟ್ಕೊಂಡು ಏನ್ಮಾಡ್ತೀರಾ ಅಕ್ಕ? ಲೀಡ್ಸ್‌ನೋರಿಗೆ ವಯಸ್ಸಾಯ್ತು, ಅವ್ರಿಗೆ ಎಳೇ ಕಾಲು ಬೇಕು" ಎಂದರು. ನಾನು ಅವರ ಮುಂದಿನ ಚಕ್ಕುಲಿ ತಟ್ಟೆ ಎತ್ತಿಕೊಂಡೆ. ಅಕ್ಕ ಎಣ್ಣೆ ತಿಕ್ಕುವುದನ್ನು ನಿಲ್ಲಿಸಿದ್ದರು.

ಲೀಡ್ಸ್‌ನಲ್ಲಿ ಇಬ್ಬರಿದ್ದರು. ಒಬ್ಬಾಕೆ ಮೈಸೂರಿನಲ್ಲಿ ಯೂನಿವರ್ಸಿಟಿ ತಂಡಕ್ಕೆ ಆಡಿದವಳು, ಇನ್ನೊಬ್ಬಾಕೆ ಬೆಂಗಳೂರಿನಲ್ಲಿ ಬ್ಯಾಂಕಿನ ತಂಡಕ್ಕೆ ಆಡಿದವಳು. ಅವರು ಎಸೆದ ಚೆಂಡು ಕಣ್ಣಿಗೆ ಕಾಣುತ್ತಿರಲಿಲ್ಲ. ಅಕ್ಕ ಲೀಡ್ಸ್ ಕ್ಯಾಪ್ಟನ್‌ಗೆ ಫೋನ್ ಮಾಡಿದರು. ಆಕೆ ಸಂತೋಷದಿಂದ ಒಪ್ಪಿ, ನಿಮ್ಮ ಎಳೆಯ ಹುಡುಗಿಯರಲ್ಲಿ ಯಾರನ್ನಾದರೂ ಇಬ್ಬರನ್ನು ಕೊಡಿ ಎಂದಳಂತೆ. ಯಾರನ್ನಾದರೂ ಎಂದಮೇಲೆ ಅಕ್ಕ ಮಗಳನ್ನು ಉಳಿಸಿಕೊಳ್ಳಬಹುದಿತ್ತು. ನಾನು ಅದನ್ನೇ ಹೇಳಿದೆ.

"ಬೇರೆಯವರ ಮಗಳನ್ನು ಕೊಡಿ ಅಂತ ಕೇಳ್ಲಿಕ್ಕೆ ನನಗೆ ಎಂತ ಮುಖ ಉಂಟು?" ಎಂದರು ಅಕ್ಕ. "ಕೊಡುದಾದ್ರೆ ಮೊದಲು ನಮ್ಮ ಮನೆಯದ್ದೇ ಕೊಡ್ಬೇಕು. ಅವಳು ನನ್ನ ಮಗಳಲ್ವಾ, ಅವಳಿಗೆ ಅರ್ಥ ಆಗ್ತದೆ."

ಬಡಿಸುವವಳು ತನ್ನ ಮಕ್ಕಳ ಎಲೆಗೆ ಕೊನೆಗೆ ಬಡಿಸುತ್ತಾಳೆ, ಬಿಟ್ಟುಕೊಡುವ ಹೊತ್ತು ಬಂದರೆ ತನ್ನದನ್ನು ಮೊದಲು ಬಿಡುತ್ತಾಳೆ. ನಾವೆಲ್ಲ ಬೆಳೆದದ್ದೇ ಹಾಗೆ, ಅದನ್ನು ಯಾರೂ ಯಾರಿಗೂ ವಿವರಿಸಿ ಹೇಳಿರಲಿಲ್ಲ. ಇಲ್ಲೇ ಹುಟ್ಟಿದ ಹುಡುಗಿಗೆ ಅದು ಹೇಗೆ ಕಾಣಬಹುದು ಎಂದು ಅಕ್ಕ ಯೋಚಿಸಲಿಲ್ಲ. ಇನ್ನೊಬ್ಬ ಹುಡುಗಿಯ ತಾಯಿ, ಅಕ್ಕನೇ ಮಗಳನ್ನು ಕೊಡುತ್ತಾರೆಂದರೆ ನಮ್ಮದೇನು ಎಂದು ಒಪ್ಪಿದಳು. ಆ ಇಬ್ಬರು ಹುಡುಗಿಯರನ್ನು ಮಾತ್ರ ಯಾರೂ ಕೇಳಲಿಲ್ಲ.

ನಮ್ಮ ಯಜಮಾನರು ಉತ್ಸಾಹ ತಡೆಯಲಾರದೆ ತಂಡದ ವಾಟ್ಸಾಪ್ ಗುಂಪಿನಲ್ಲಿ, ಟೀವಿಯವರು ಮಾಡುವ ಹಾಗೆ, ಮೇಲೆ ಹಸಿರಿನಲ್ಲಿ 'ಇನ್' ಎಂದು ಎರಡು ಹೆಸರು, ಕೆಳಗೆ ಕೆಂಪಿನಲ್ಲಿ 'ಔಟ್' ಎಂದು ಎರಡು ಹೆಸರು ಹಾಕಿಬಿಟ್ಟರು. ಮಗಳಿಗೆ ವಿಷಯ ತಿಳಿದದ್ದು ಹೀಗೆ. ಅವಳು ಫೋನ್ ಹಿಡಿದು ಬರಿಗಾಲಿನಲ್ಲಿ ರಸ್ತೆ ದಾಟಿ ನಮ್ಮ ಮನೆಗೆ ಬಂದಳು. ಅಕ್ಕ ನಮ್ಮ ಸೋಫಾದ ಮೇಲಿದ್ದರು.

"ಯು ಪುಟ್ ಮಿ ಅಂಡರ್ ಔಟ್, ಅಮ್ಮ" ಎಂದಳು. ಅಳಲಿಲ್ಲ, ಕೂಗಲಿಲ್ಲ.

"ಹಾಗಲ್ಲ ಪುಟ್ಟಾ..." ಎಂದರು ಅಕ್ಕ. ಹೇಳಬೇಕಾದದ್ದು ಬಹಳ ಇತ್ತು. ಕಾಲೇಜಿನ ಫೈನಲ್, ಕಾಫಿ ತಟ್ಟೆ, ಮೊಣಕಾಲು, ಬೇರೆಯವರ ಮಗಳನ್ನು ಕೇಳಲು ಇಲ್ಲದ ಮುಖ... ಒಂದೂ ಬಾಯಿಗೆ ಬರಲಿಲ್ಲ. ಮಗಳು ಸ್ವಲ್ಪ ಹೊತ್ತು ಕಾದು ತಿರುಗಿ ಹೋದಳು. ಅವಳು ಕಾದದ್ದನ್ನು ನಾನು ಕಣ್ಣಾರೆ ಕಂಡೆ. ನಮ್ಮ ಯಜಮಾನರ ಮೇಲೆ ನನಗಿದ್ದ ಸಿಟ್ಟು ಆ ವಾರವೆಲ್ಲ ಅವರ ಊಟದ ಉಪ್ಪು ಖಾರದಲ್ಲಿ ಇಳಿಯಿತು.

ನಾವು ಗೆದ್ದೆವು. ಹಡರ್ಸ್‌ಫೀಲ್ಡಿನ ಹಾಲಿನಲ್ಲಿ ಫೈನಲ್ ನಡೆಯಿತು, ಎದುರಾಳಿ ಲೀಡ್ಸೇ. ಮೈಸೂರಿನಾಕೆಯೂ ಬೆಂಗಳೂರಿನಾಕೆಯೂ ಮಾತಿಗೆ ತಕ್ಕಂತೆ ಆಡಿದರು. ಆಚೆ ಪಾಳೆಯದಲ್ಲಿ ಅಕ್ಕನ ಮಗಳು ಇರಲಿಲ್ಲ. ಲೀಡ್ಸಿಗಾಗಿ ಅವಳು ಒಂದು ದಿನವೂ ಆಡಲಿಲ್ಲ, ನಮಗಾಗಿ ಆಡುವ ಹಾಗಿರಲಿಲ್ಲ. ಅಕ್ಕ ಕುಂಟುತ್ತಲೇ ಆಡಿದರು, ಸರ್ವೀಸಿಗೆ ಮುಂಚೆ ಪ್ರತಿ ಸಲವೂ ಹಾಲಿನ ಬಾಗಿಲ ಕಡೆ ನೋಡುತ್ತಿದ್ದರು. ಕಪ್ಪಿನ ಫೋಟೋದಲ್ಲಿ ಅವರು ನಡುವೆ ಇದ್ದಾರೆ. ಕ್ಯಾಮೆರಾ ಕಡೆ ನೋಡುತ್ತಿಲ್ಲ. ಮನೆಗೆ ತಂದು ಊಟದ ಮೇಜಿನ ಮೇಲೆ ಕಪ್ಪು ಇಟ್ಟರಂತೆ. ಮಗಳು ಬಂದು, ಕಪ್ಪನ್ನು ಸರಿಸದೆ, ಅದರ ಹಿಂದೆ ಕೂತು ಅನ್ನ ಸಾರು ಉಂಡು ಎದ್ದು ಹೋದಳಂತೆ. ಇದನ್ನು ಹೇಳುವಾಗ ಅಕ್ಕ ಅತ್ತರು.

ಆಟಗಾರ್ತಿಯರ ಬದಲಾವಣೆ ಒಂದೇ ಬೇಸಿಗೆಯದಾಗಿತ್ತು. ಮೈಸೂರಿನಾಕೆ, ಬೆಂಗಳೂರಿನಾಕೆ ಇಬ್ಬರೂ ಲೀಡ್ಸ್‌ಗೆ ಮರಳಿದರು. ನಾವು ಕೊಟ್ಟಿದ್ದ ಇನ್ನೊಬ್ಬ ಹುಡುಗಿ ಅಲ್ಲಿಯೇ ಗೆಳತಿಯರನ್ನು ಮಾಡಿಕೊಂಡು, ನಮ್ಮ ಹಾಲಿಗೆ ಬರುವುದನ್ನು ಬಿಟ್ಟಳು. ಹೊಸ ಹುಡುಗಿಯರನ್ನು ಕೇಳಲು ಹೋದರೆ ಅಮ್ಮಂದಿರು ನಗುನಗುತ್ತಲೇ ಚುಚ್ಚಿದರು: "ಬೇಡಪ್ಪ, ನಾಳೆ ನಮ್ಮ ಮಗಳನ್ನೂ ಯಾರಿಗೋ ಕೊಟ್ಟುಬಿಟ್ಟೀರಿ!" ಹಿತ್ತಲ ಗಿಡ ಮದ್ದಲ್ಲ ಎಂದು ನಾವೇ ಸಾರಿದ ಮೇಲೆ ಹಿತ್ತಲಲ್ಲಿ ಗಿಡ ಬೆಳೆಸಲು ಯಾರು ಬಿಟ್ಟಾರು? ಭಾನುವಾರ ಹಾಲಿಗೆ ಬರುತ್ತಿದ್ದವರು ನಾವು ಐದಾರು ಹೆಂಗಸರು, ನಮ್ಮ ನೋವುಗಳು, ಮತ್ತೆ ಆ ಎಣ್ಣೆ.

ಮರುವರ್ಷ ಅಕ್ಕನ ಮೊಣಕಾಲಿನ ಆಪರೇಷನ್ ಮುಂದಕ್ಕೆ ಹೋಗಿತ್ತು. ಡಾಕ್ಟರ ಮಾತು ಬದಿಗಿಟ್ಟು ಪಂದ್ಯಾವಳಿಗೆ ಬಂದೇಬಿಟ್ಟರು. ನಾವು ಆರು ಜನ. ಹೊಸದಾಗಿ ಸ್ಟಾಕ್‌ಪೋರ್ಟಿಗೆ ಬಂದ ಒಬ್ಬಾಕೆ ಶೂ ಬಿಗಿದು ಏಳನೆಯವಳಾಗಿ ನಿಲ್ಲಲು ತಯಾರಾಗಿದ್ದಳು. ಅಕ್ಕ ಆಕೆಯನ್ನು ಬೆಂಚಿನ ಮೇಲೆ ಕೂರಿಸಿದರು. ಹಿಂದಿನ ಸಾಲಿನ ಎಡ ಮೂಲೆಯನ್ನು ಖಾಲಿ ಬಿಟ್ಟು ಆಡಿ ಎಂದರು.

ಎದುರಿಗೆ ನಾಟಿಂಗ್‌ಹ್ಯಾಮಿನವರು. ಮೊದಮೊದಲು ಅವರಿಗೆ ನಂಬಿಕೆಯೇ ಬರಲಿಲ್ಲ. ಆಮೇಲೆ ಒಂದಾದ ಮೇಲೊಂದರಂತೆ ಚೆಂಡನ್ನು ಆ ಮೂಲೆಗೇ ಎಸೆದರು. ಬೆಂಚುಗಳಲ್ಲಿ ಜನ ನಗತೊಡಗಿದರು. ನಾನು ಅಡ್ಡ ಓಡಿ ಹಿಡಿಯಲು ಹೋದರೆ ಅಕ್ಕ ಗದರಿದರು. ಪಂದ್ಯ ಮುಗಿದ ಮೇಲೆ ನನಗೆ ತಡೆಯಲಾಗಲಿಲ್ಲ, ಎಲ್ಲರೆದುರೇ ಕೂಗಾಡಿದೆ. ಅಕ್ಕ ನೀರು ಕುಡಿದು, "ಅದು ಅವಳ ಜಾಗ. ಅಲ್ಲಿ ಇನ್ನೊಬ್ಬರನ್ನು ನಿಲ್ಲಿಸ್ಲಿಕ್ಕೆ ನನ್ನಿಂದ ಆಗುದಿಲ್ಲ" ಎಂದರು.

"ಇದನ್ನ ಅವಳಿಗೆ ಹೇಳಿ ಅಕ್ಕ. ಫೋನ್ ಮಾಡಿ ಹೇಳಿ."

"ಹೇಳ್ತೇನೆ" ಎಂದರು.

ಹೇಳಲಿಲ್ಲ. ದೀಪಾವಳಿಗೆ, ಕ್ರಿಸ್‌ಮಸ್ ರಜೆಗೆ ಮಗಳು ಬಂದು ಹೋಗುತ್ತಿದ್ದಳು. ಊಟ ಆಯ್ತಾ, ಚಳಿ ಉಂಟಾ, ರೈಲು ಎಷ್ಟು ಗಂಟೆಗೆ... ಅಷ್ಟೇ. ಹೋದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಅಕ್ಕನ ಹೃದಯ ನಿಂತಿತು. ಮೊಣಕಾಲಿನ ಸರದಿ ಬರಲೇ ಇಲ್ಲ.

ಗ್ಯಾರೇಜಿನ ಪೆಟ್ಟಿಗೆಗಳ ನಡುವೆ ಕೂತು ನಾನು ಮಗಳಿಗೆ ಇದೆಲ್ಲವನ್ನೂ ಹೇಳಿದೆ. ಅವಳು ಟೇಪು ಕೀಳುವುದನ್ನು ನಿಲ್ಲಿಸಿ ಕೇಳಿದಳು. ಖಾಲಿ ಮೂಲೆಯ ಮಾತು ಬಂದಾಗ, "ಶಿ ಡಿಡ್ ದಟ್? ಎಲ್ಲರ ಮುಂದೆ?" ಎಂದಳು.

"ಎಲ್ಲರ ಮುಂದೆ."

"ಆದ್ರೆ ನನ್ನನ್ನು ಫಸ್ಟ್ ಎಂತಕ್ಕೆ ಕೊಟ್ಟದ್ದು ಆಂಟಿ?" ಅವಳ ಕನ್ನಡದಲ್ಲಿ ಅಮ್ಮನ ಊರು ಇನ್ನೂ ಇತ್ತು.

"ನೀನು ಅವರವಳು ಅಂತ" ಎಂದೆ. "ಬೇರೆಯವರದನ್ನ ಕೇಳೋ ಮುಂಚೆ ತನ್ನದನ್ನ ಕೊಡ್ಬೇಕು ಅಂತ."

ಅವಳು ಕಿತ್ತ ಟೇಪನ್ನು ಬೆರಳಲ್ಲೇ ಉಂಡೆ ಮಾಡಿದಳು. "ಹೇಳ್ಬೋದಿತ್ತು" ಎಂದಳು. ಹೌದು, ಹೇಳಬಹುದಿತ್ತು.

ಗಾಳಿಗೆಂದು ಹಿತ್ತಲಿಗೆ ಬಂದೆವು. ಯಾರೂ ಕತ್ತರಿಸದ ಹುಲ್ಲು ಮೊಣಕಾಲುದ್ದ ಬೆಳೆದಿತ್ತು. ಅವಳು ಬೇಲಿಯ ಹತ್ತಿರ ನಡೆದು, ಎಡ ಮೂಲೆಯಲ್ಲಿ ತಿರುಗಿ ನಿಂತಳು. ಗೊತ್ತಿದ್ದು ನಿಂತಳೋ, ಕಾಲು ತಾನಾಗಿ ಹೋಯಿತೋ, ನನಗೆ ತಿಳಿಯಲಿಲ್ಲ. ನನ್ನ ಕೈಯಲ್ಲಿ ಚೆಂಡಿತ್ತು, ಎಸೆದೆ. ಗಾಳಿ ಇಳಿದ ಚೆಂಡು ಓಲಾಡುತ್ತ ಹೋಯಿತು. ಅವಳು ಹಿಡಿದಳು.

ನಾನು ಕೈಚಾಚಿ ಕಾದೆ. ಒಂದು, ಎರಡು, ಮೂರು... ಬಿಡು ಎಂದು ಕೂಗುವವರು ಇರಲಿಲ್ಲ. ಅವಳು ಚೆಂಡನ್ನು ಎದೆಗೊತ್ತಿ ಹಿಡಿದು ಹಾಗೆಯೇ ಹುಲ್ಲಿನಲ್ಲಿ ಕೂತುಬಿಟ್ಟಳು. ನಾನು ಕೈ ಇಳಿಸಿ, ಗ್ಯಾರೇಜಿನ ಬಾಗಿಲು ಹಾಕಲು ಹೋದೆ.