ಮಗಳ ಟ್ರ್ಯಾಕ್ಟರು, ಅಪ್ಪನ ಧಾರಾಳತನ

ನಮ್ಮ ಬಡಾವಣೆ ಖೂಬಾ ಪ್ಲಾಟಿನ ಪಾರ್ಕಿನಲ್ಲಿ ನಿನ್ನೆ ಸಂಜೆ ಒಬ್ಬ ತಾಯಿ ತನ್ನ ಕೂಸಿನ ಕೈಯಿಂದ ಬಕೆಟ್ ಕಿತ್ತು ಪಕ್ಕದ ಕೂಸಿಗೆ ಕೊಟ್ಟು, "ಶೇರ್ ಮಾಡಬೇಕು ಪುಟ್ಟಾ" ಎಂದಳು. ಪುಟ್ಟ ಪಾರ್ಕು ಹಾರಿಹೋಗುವಂತೆ ಅರಚಿದ. ಆಕೆ ನಮ್ಮೆಲ್ಲರ ಮುಖ ನೋಡಿ ನಕ್ಕಳು. ಇಲ್ಲಿ ದಾನ ಮಾಡುವವರು ಮಕ್ಕಳು, ಪುಣ್ಯ ಕಟ್ಟಿಕೊಳ್ಳುವವರು ನಾವು. ಅದೇ ತಾಯಿಗೆ, ನಿಮ್ಮ ಸ್ಕೂಟಿ ಒಂದು ಸುತ್ತು ಹೊಡೆಯಲು ಕೊಡ್ರೀ ಎಂದು ಕೇಳಿ ನೋಡಿ, ಆಮೇಲೆ ನನಗೆ ಹೇಳಿ.

ನಗುವ ಅಧಿಕಾರ ನನಗೂ ಇಲ್ಲ ಬಿಡಿ. ನನ್ನ ಮನೆಯಲ್ಲೇ ಒಬ್ಬ ದಾನಶೂರರಿದ್ದಾರೆ, ನನ್ನ ಗಂಡ. ಎರಡು ವರ್ಷದ ಹಿಂದಿನ ಮಾತು. ಮಗಳು ಗೌರಿಗೆ ಆಗ ನಾಲ್ಕು. ಅವಳ ಹಳದಿ ಟ್ರ್ಯಾಕ್ಟರನ್ನು ಇದೇ ಪಾರ್ಕಿನಲ್ಲಿ ಒಬ್ಬ ಹುಡುಗ ಆಡಲು ತೆಗೆದುಕೊಂಡವನು, ಹೊರಡುವ ಹೊತ್ತಾದರೂ ಬಿಡಲೊಲ್ಲ. ಅವನ ತಾಯಿ ಕಮಲಾಪುರದವಳು, ಅಕ್ಕನ ಮನೆಗೆಂದು ಬಂದವಳು, ನಾಚಿ ನೀರಾದಳು. ನಮ್ಮ ಇವರು ಎದೆಯುಬ್ಬಿಸಿದರು.

"ಇರ್ಲಿ ಬಿಡ್ರೀ, ಒಯ್ಯಲಿ. ನಿಮ್ದೇ ಅಂತ ತಿಳ್ಕೋರಿ."

"ಅಯ್ಯ, ಬ್ಯಾಡ್ರೀ ಅಣ್ಣಾರ!"

ನಮ್ಮ ಕಡೆಯ ಈ ಆಟ ನಿಮಗೆ ಗೊತ್ತಲ್ಲ: ಕೊಡುವವರು ಒತ್ತಾಯಿಸಬೇಕು, ಎದುರಿನವರು ಒಲ್ಲೆ ಅನ್ನಬೇಕು, ವಸ್ತು ಇದ್ದಲ್ಲೇ ಇರಬೇಕು. ಆದರೆ ಎಲ್ಲಿ ನಿಲ್ಲಿಸಬೇಕೆಂಬುದು ತಿಳಿದಿರಬೇಕು. ಇವರು ನಿಲ್ಲಿಸಲಿಲ್ಲ. "ನನ್ನ ಮ್ಯಾಲ ಆಣಿ, ಒಯ್ಯದಿದ್ರ ನಮ್ಗ ಬ್ಯಾಸರಾಗ್ತದ!" ಎಂದುಬಿಟ್ಟರು. ಇಷ್ಟಾದ ಮೇಲೆ ಮರ್ಯಾದಸ್ಥ ಹೆಣ್ಣುಮಗಳು ಏನು ಮಾಡಬೇಕು ಪಾಪ? ಒಯ್ದಳು. ಗೌರಿಯನ್ನು ಯಾರೂ ಕೇಳಲಿಲ್ಲ. ನಾನು ಶೇಂಗಾ ತಿನ್ನುತ್ತ ಗಂಡನ ದೊಡ್ಡಸ್ತಿಕೆಗೆ ಹಿಗ್ಗುತ್ತಿದ್ದೆ.

ಮರುದಿನದಿಂದ ಗೌರಿಯ ಚಪ್ಪಲಿ, ತಾಟು, ದಿಂಬು ಒಂದೊಂದೇ ಮಾಯವಾಗಿ ಜೋಳದ ಡಬ್ಬಿಯ ಹಿಂದೆ ಸಿಗತೊಡಗಿದವು. ಕೇಳಿದರೆ, "ಅಪ್ಪ ಕೊಟ್ ಬಿಡ್ತಾನ" ಅಂದಳು. ಒಂದು ಭಾನುವಾರ ನೆಂಟರು ಬಂದರು. ಇವರು ರೂಢಿಯಂತೆ "ಬರ್ರೀ, ಇದು ನಿಮ್ದೇ ಮನಿ" ಎಂದದ್ದೇ ತಡ, ಗೌರಿ ಬಾಗಿಲಿಗೆ ಅಡ್ಡ ನಿಂತು, "ಮನಿ ಕೊಡಬ್ಯಾಡೋ ಅಪ್ಪಾ!" ಎಂದು ಬಿಕ್ಕಿ ಬಿಕ್ಕಿ ಅತ್ತಳು. ನೆಂಟರು ನಕ್ಕರು. ಅವರು ಹೋದ ಮೇಲೆ, ಟ್ರ್ಯಾಕ್ಟರು ವಾಪಸು ತರಲೇಬೇಕೆಂದು ನಾನು ಹಟ ಹಿಡಿದೆ.

ಟ್ರ್ಯಾಕ್ಟರು ಒಯ್ದಾಕೆಯ ಅಕ್ಕನ ಬಳಿ ಮನೆಯ ಗುರುತು ಕೇಳಿಕೊಂಡು ಕಮಲಾಪುರಕ್ಕೆ ಹೋದೆವು. ನೆಪ, ಆ ಊರಿನ ಹೆಸರುವಾಸಿ ಕೆಂಪು ಬಾಳೆಹಣ್ಣು. ಚಹಾ ಆಯಿತು, ಹಣ್ಣಾಯಿತು, ತೊಗರಿಯ ಮಾತೂ ಆಯಿತು. ಅಂಗಳದಲ್ಲಿ ಟ್ರ್ಯಾಕ್ಟರು ಓಡುತ್ತಲೇ ಇತ್ತು. ಕೊಟ್ಟದ್ದನ್ನು ಕೇಳುವ ಬಾಯಿ ಮಾತ್ರ ಇವರಿಗಿರಲಿಲ್ಲ. ಕೊನೆಗೆ ಗೌರಿಯೇ ಎದ್ದು ಹುಡುಗನ ಮುಂದೆ ನಿಂತಳು.

"ಅದು ನಂದದ. ನಾ ಕೊಟ್ಟಿಲ್ಲ, ಅಪ್ಪ ಕೊಟ್ಟಾನ."

ಹುಡುಗ ಯೋಚಿಸಿದ. "ಇನ್ನೊಂದ್ ಸುತ್ತ ಹೊಡದು ಕೊಡ್ತೀನಿ."

"ಹೊಡಿ."

ಅಷ್ಟೇ. ಅವನ ತಾಯಿ ನಿಟ್ಟುಸಿರುಬಿಟ್ಟಳು: "ನಾ ಎಷ್ಟ್ ಒಲ್ಲೆ ಅಂದ್ರೂ ಕೇಳ್ಲಿಲ್ರೀ ಇವ್ರು. ಅವತ್ತಿಂದ ಜೀವಕ್ಕ ಸಮಾಧಾನ ಇಲ್ಲ."

ಟ್ರ್ಯಾಕ್ಟರೇನೋ ಮನೆಗೆ ಬಂತು. ಆದರೆ ಅಪ್ಪ ಹತ್ತಿರ ಬಂದರೆ ಸಾಕು, ಗೌರಿ ಕೈಯಲ್ಲಿದ್ದುದನ್ನು ಬೆನ್ನ ಹಿಂದೆ ಮರೆಮಾಡುತ್ತಿದ್ದಳು. ಇವರು ಕಂಡೂ ಕಾಣದವರಂತಿರುತ್ತಿದ್ದರು.

ನಿನ್ನೆ ಆ ಬಕೆಟ್ಟಿನ ತಾಯಿ ನಮ್ಮ ಕಡೆ ತಿರುಗಿ, "ನಿಮ್ಮ ಮಗಳ ಚೆಂಡು ಸ್ವಲ್ಪ ಕೊಡ್ರೀ" ಎಂದಳು. ಇವರ ಬಾಯಿ ಅಭ್ಯಾಸಬಲದಿಂದ ತೆರೆಯಿತು, ಮತ್ತೆ ಮುಚ್ಚಿತು. ಮಗಳ ಮುಂದೆ ಕುಕ್ಕರಗಾಲಲ್ಲಿ ಕೂತು ಕೇಳಿದರು: "ಏನವಾ, ಕೊಡ್ತೀಯೇನು?"

"ಒಲ್ಲೆ."

ಇವರು ಎದ್ದು, "ಒಲ್ಲೆ ಅಂತಾಳ್ರೀ" ಎಂದು ಕೈಮುಗಿದರು. ಇಂಥ ಜಿಪುಣನೂ ಇರುತ್ತಾನೆಯೇ ಎಂಬಂತೆ ಆಕೆ ನೋಡಿದಳು. ಪಾರ್ಕಿಗೆ ಪಾರ್ಕೇ ನೋಡಿತು. ಗೌರಿಯೂ ಅಪ್ಪನನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಚೆಂಡನ್ನು ಅವರ ಕೈಗಿಟ್ಟು, "ಇದನ್ನ ಹಿಡ್ಕೋ, ನಾ ಜಾರಬಂಡಿ ಆಡಿ ಬರ್ತೀನಿ" ಎಂದು ಓಡಿದಳು.

ಇವರು ಅದನ್ನು ಎರಡೂ ಕೈಯಲ್ಲಿ ಹಿಡಿದು, ಅವಳು ಬರುವವರೆಗೂ ನಿಂತೇ ಇದ್ದರು.