ಹುಳುಮನೆಯ ಬಾಗಿಲು

ಈಗಲೂ ಯಾರಾದರೂ ನಲ್ಲಿಯನ್ನು ಜೋರಾಗಿ ಬಿಟ್ಟರೆ ನನ್ನ ಕೈ ಅವ್ವನ ಕೈಯನ್ನು ಹುಡುಕುತ್ತದೆ.

ನಮ್ಮ ಮನೆ ಇದ್ದದ್ದು ರಾಮನಗರಕ್ಕೆ ಹತ್ತಿರದ ಹಳ್ಳಿಯೊಂದರಲ್ಲಿ, ಹಳ್ಳದ ಪಕ್ಕ. ನಾನು ಚಿಕ್ಕವಳಿದ್ದಾಗಲೇ ಅಪ್ಪ ತೀರಿಕೊಂಡ. ಆಮೇಲೆ ಮನೆಯಲ್ಲಿ ಅವ್ವ, ನಾನು ಇಬ್ಬರೇ. ಆ ವರ್ಷ ಮಳೆ ಬಿಡಲೇ ಇಲ್ಲ. ಒಂದು ಬೆಳಿಗ್ಗೆ ನಾನು ಬಿಡದಿಯ ಕಾರ್ಖಾನೆಗೆ ಕೆಲಸಕ್ಕೆ ಹೊರಡಲು ತಲೆ ಬಾಚಿಕೊಳ್ಳುತ್ತಿದ್ದಾಗ ಮೇಲಿನ ಕೆರೆಯ ಏರಿ ಒಡೆಯಿತು. ಏನೆಂದು ನೋಡುವಷ್ಟರಲ್ಲಿ ನೀರು ಮೊಣಕಾಲಿಗೆ ಬಂದಿತ್ತು. ಇಬ್ಬರೂ ಕೈ ಹಿಡಿದುಕೊಂಡು ದೊಡ್ಡಪ್ಪ ರೇಷ್ಮೆ ಹುಳು ಸಾಕುತ್ತಿದ್ದ ಹುಳುಮನೆಯ ಕಡೆ ಓಡಿದೆವು. ನಮ್ಮ ಕೇರಿಯಲ್ಲಿ ಎತ್ತರದ ತಳಪಾಯ ಇದ್ದದ್ದು ಅದೊಂದಕ್ಕೇ.

ರೇಷ್ಮೆ ಹುಳು ಪೊರೆ ಬಿಡುವುದನ್ನು ನಮ್ಮಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೆಯ ಜ್ವರ ಎದ್ದ ಹುಳು ಗೂಡು ಕಟ್ಟುವ ತನಕ ಬಿಡುವಿಲ್ಲದೆ ಸೊಪ್ಪು ತಿನ್ನುತ್ತದೆ. ಆಗ ಹುಳುಮನೆಗೆ ನೆಂಟರನ್ನೂ ಸೇರಿಸುವುದಿಲ್ಲ. ಹುಳ ಕೊಲ್ಲುವ ಊಜಿ ನೊಣ ಬಾರದಿರಲೆಂದು ಕಿಟಕಿಗೆಲ್ಲ ಪರದೆ. ಮನೆಯವರೂ ಬಾಗಿಲಲ್ಲಿಟ್ಟ ಬ್ಲೀಚಿಂಗ್ ಪೌಡರ್ ನೀರಿಗೆ ಕಾಲು ಅದ್ದಿಯೇ ಹೊಸ್ತಿಲು ದಾಟಬೇಕು. ದೊಡ್ಡಪ್ಪ ಆ ದಿನಗಳಲ್ಲಿ ಅಲ್ಲೇ ಮಲಗುತ್ತಿದ್ದ.

ಮೆಟ್ಟಿಲ ಮೇಲೂ ನೀರು ಏರುತ್ತಿತ್ತು. ಅವ್ವ ಬಗ್ಗಿ ಏನನ್ನೋ ತಡಕಾಡತೊಡಗಿದಳು.

“ಏನವ್ವ?”

“ಕಾಲ್ ಅದ್ದೋ ಬೋಸಿ ಕಣೆ. ಒಳಗೆ ಹುಳ ಅವೆ.”

ಬೋಸಿ ಆಗಲೇ ತೇಲಿಹೋಗಿತ್ತು. ನಾನು ಬಾಗಿಲು ಬಡಿದೆ. ಪರದೆಯ ಹಿಂದೆ ದೊಡ್ಡಪ್ಪನ ಮುಖ ಕಂಡಿತು.

“ತೆಗೀರಿ ಬಾವ, ಕೆರೆ ಒಡ್ದೋಗೈತೆ,” ಎಂದಳು ಅವ್ವ.

“ಬ್ಯಾಡ ಕಣವ್ವ, ಹುಳ ಜ್ವರ ಎದ್ದವೆ. ಈ ಕೆಸ್ರಲ್ಲಿ ಒಳೀಕ್ ಬಂದ್ಬುಟ್ರೆ ಅಷ್ಟೂ ಕೆಟ್ಟೋಯ್ತವೆ. ಹಿಂದ್ಗಡೆ ಬಂಡೆ ಐತಲ್ಲ, ಒಸಿ ಅಲ್ಲಿಗಂಟ ಹೋಗಿ.”

“ದೊಡ್ಡಪ್ಪ, ಅವ್ವಂಗೆ ಈಜು ಬರಾಕಿಲ್ಲ!”

“ನಂಗ್ ಗೊತ್ತಿಲ್ವಾ ಮಗ? ಬಿರ್ ಬಿರ್‍ನೆ ಹೋಗಿ.”

ಹುಳುಮನೆಗೂ ಬಂಡೆಗೂ ನಡುವೆ ಓಣಿ. ಅಲ್ಲಿ ಅವ್ವನ ಕಾಲು ಜಾರಿತು. ಕೈ ತಪ್ಪಿತು. ಮತ್ತೆ ಸಿಕ್ಕಿದ್ದು ಅವಳ ಕೂದಲು. ಅದನ್ನೇ ಮುಷ್ಟಿಗೆ ಸುತ್ತಿಕೊಂಡು ಎಳೆದೆ. ಆ ಎಳೆತವನ್ನು ಆಮೇಲೆ ಕನಸಿನಲ್ಲಿ ಎಷ್ಟು ಸಲ ಎಳೆದಿದ್ದೇನೋ. ಕೆಲವೊಮ್ಮೆ ಮುಷ್ಟಿ ಖಾಲಿ ಬರುತ್ತದೆ.

ಮಧ್ಯಾಹ್ನ ನೀರು ಇಳಿಯುವವರೆಗೂ ಇಬ್ಬರೂ ಬಂಡೆಯ ಮೇಲೆ ಕೂತೆವು. ಅಲ್ಲಿಂದ ಹುಳುಮನೆ ಚೆನ್ನಾಗಿ ಕಾಣುತ್ತಿತ್ತು. ದೊಡ್ಡಪ್ಪ ಒಮ್ಮೆಯಾದರೂ ಬಾಗಿಲು ತೆಗೆದು ನಮ್ಮ ಕಡೆ ನೋಡುತ್ತಾನೆ ಅಂದುಕೊಂಡೆ. ತೆಗೆಯಲಿಲ್ಲ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದಿದವಳು ನಾನು, ಕೆಸರಿನಿಂದ ಹುಳುವಿಗೆ ರೋಗ ಬರುತ್ತದೆಂದು ಗೊತ್ತು. ಅವನು ಹೇಳಿದ್ದು ಸುಳ್ಳಾಗಿದ್ದರೆ ನನಗೆ ಇಷ್ಟು ನೋಯುತ್ತಿರಲಿಲ್ಲ. ಅಪ್ಪ ಸತ್ತ ದಿನ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದವನು, ನಿಜವಾದ ಲೆಕ್ಕವನ್ನೇ ಹಾಕಿ, ನಮ್ಮನ್ನು ಹೊರಗೆ ಬಿಟ್ಟಿದ್ದ.

ಮಾರನೆಯ ಬೆಳಿಗ್ಗೆ ನಾವು ಮನೆಯ ಕೆಸರು ಗೋರುತ್ತಿದ್ದಾಗ ದೊಡ್ಡಪ್ಪ ಬಂದು ಅಂಗಳದಲ್ಲಿ ನಿಂತ. ಅವನ ಹಿಪ್ಪುನೇರಳೆ ತೋಟದ ತುಂಬ ಹೂಳು ಕೂತಿತ್ತು. ಕೆಸರು ಹತ್ತಿದ ಸೊಪ್ಪನ್ನು ಹುಳುವಿಗೆ ಹಾಕುವಂತಿಲ್ಲ. ನಮ್ಮ ತೋಟ ದಿಣ್ಣೆಯ ಮೇಲಿತ್ತು. ನಾವು ಆ ಸಲ ಹುಳ ಸಾಕಿರಲಿಲ್ಲ, ಸೊಪ್ಪು ಹಾಗೇ ಇತ್ತು.

“ಹುಳ ಹಸ್ಕೊಂಡವೆ ಕಣವ್ವ,” ಎಂದ. ನನ್ನ ಕಡೆ ನೋಡಲಿಲ್ಲ.

“ಸಾಯ್ಲಿ,” ಎಂದೆ ನಾನು.

ಅವ್ವನ ನೆತ್ತಿ ಇನ್ನೂ ಕೆಂಪಗಿತ್ತು. ಸಲಿಕೆ ಗೋಡೆಗೆ ಒರಗಿಸಿ, “ಬಾಗ್ಲು ಹಾಕ್ಕೊಂಡಿದ್ದು ಹುಳ ಅಲ್ಲ ಕಣೆ. ಕುಡ್ಲು ತಕ್ಕೊ,” ಎಂದಳು.

ಇಬ್ಬರೂ ಸೊಪ್ಪು ಕೊಯ್ದು, ನೀರು ಕೊಡವಿ, ನೆರಳಲ್ಲಿ ಹರವಿ ಆರಿಸಿ, ಹೊರೆ ಹೊತ್ತು ಹುಳುಮನೆಗೆ ಹೋದೆವು. ಬಾಗಿಲಲ್ಲಿ ಹೊಸ ಬೋಸಿ.

“ಸೊಪ್ಪಿನ ನೀರು ಆರ್ಲಿ ಅಂತ ನೆಳ್ಳಲ್ಲಿ ಹರವಿದ್ವಿ ಬಾವ,” ಅಂದಳು ಅವ್ವ. “ನಾವೇ ಒಸಿ ಒದ್ದೆ. ಎಲ್ಲಿಗಂಟ ಬರ್ಬೋದು?”

ದೊಡ್ಡಪ್ಪ ಅವಳ ತಲೆಯಿಂದ ಹೊರೆ ಇಳಿಸಿಕೊಂಡ. ಅವ್ವ ಕಾಲು ಅದ್ದಿ ಒಳಗೆ ಹೋಗಿ ತಟ್ಟೆಗಳ ಮೇಲೆ ಸೊಪ್ಪು ಹರಡತೊಡಗಿದಳು. ನಾನು ನನ್ನ ಹೊರೆಯನ್ನು ಹೊಸ್ತಿಲ ಮೇಲಿಟ್ಟು ಹಿಂದೆ ಸರಿದೆ.

ಹುಳು ತಿನ್ನಲು ಶುರುಮಾಡಿದವು. ಹೆಂಚಿನ ಮೇಲೆ ಮಳೆ ಬಿದ್ದಂತೆ ಸದ್ದು. ಚಿಕ್ಕಂದಿನಲ್ಲಿ ಅದನ್ನು ಕೇಳುತ್ತಲೇ ನಿದ್ದೆ ಹೋಗುತ್ತಿದ್ದೆ. ಅವತ್ತು ಮತ್ತೆ ನೀರು ಬಂತೇನೋ ಎಂದು ಜಗಲಿಯ ಕಂಬ ಹಿಡಿದುಕೊಂಡೆ.

“ಒಳೀಕ್ ಬಾ ಮಗ,” ಎಂದ ದೊಡ್ಡಪ್ಪ. ಹೊರೆಯನ್ನು ಎತ್ತಿಕೊಂಡವನು ನನಗಾಗಿ ಬಾಗಿಲನ್ನು ಪೂರಾ ತೆರೆದು ನಿಂತಿದ್ದ. ಹುಳು ಬೆಳೆಯುವ ಮನೆಯಲ್ಲಿ ಯಾರೂ ಹಾಗೆ ನಿಲ್ಲುವುದಿಲ್ಲ. ಕೆಸರು ಒಣಗುತ್ತಿದ್ದ ಅಂಗಳದಲ್ಲಿ ನೊಣಗಳು ಎದ್ದಿದ್ದವು.

“ನೊಣ ಹೊಕ್ಕಾವು,” ಎಂದೆ.

ಅವನು ಕದಲಲಿಲ್ಲ. ನಾನೇ ಮುಂದೆ ಬಂದು, ಅವನ ಮುಖದ ಮುಂದೆ, ಬಾಗಿಲನ್ನು ಹೊರಗಿನಿಂದ ಎಳೆದು ಹಾಕಿದೆ.